ನೆಲದಡಿಯ ಗುಂಯ್

ಜನವರಿ 14, ಬುಧವಾರ, ದೇಗು, ದಕ್ಷಿಣ ಕೊರಿಯಾ

ಹತ್ತು ದಿನದಿಂದ ನನ್ನ ಪ್ರಾಣ ತಿನ್ನುತ್ತಿದ್ದ ಗುಂಯ್ ಸದ್ದು ಇವತ್ತು ಸಿಕ್ಕಿಬಿತ್ತು! ಅಕ್ಕನ ಮದುವೆಗೆಂದು ಕಟ್ಟಿದ ಹಾಡನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದಾಗಲೆಲ್ಲ ಗಿಟಾರಿನ ಹಿಂದೆ ಅದೇ ಗುಂಯ್. ವೈರು ಬದಲಿಸಿದೆ. ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜನ್ನೂ ಆರಿಸಿ ಅಮ್ಮನಿಂದ ಬೈಸಿಕೊಂಡೆ.

ಸಂಜೆ ಗೆಳೆಯ ಗ್ಯುಚೋಲ್ ಬಂದು, ನಿಂತೇ ನುಡಿಸಿದ. ಸದ್ದಿಲ್ಲ! ನಾನು ನೆಲದ ಮೇಲೆ ಕೂತು ನುಡಿಸಿದೆ. ಗುಂಯ್.

“ನಿನ್ನ ಕುಂಡಿ ಕೆಳಗಿಂದ ಬರ್ತಿದೆ ಕಣೇ!” ಎಂದು ಬಿದ್ದು ಬಿದ್ದು ನಕ್ಕ.

ಚಾಪೆ ಎತ್ತಿದರೆ ಕರೆಂಟಿನ ಬಿಸಿಹಾಸು! ನೆಲ ಬೆಚ್ಚಗಿರುವುದು ಅದರಡಿಯ ಕೊಳವೆಗಳಲ್ಲಿ ಹರಿಯುವ ಬಾಯ್ಲರಿನ ಬಿಸಿನೀರಿನಿಂದ ಎಂದು ನಾನು ನಂಬಿದ್ದೆ.

“ಬಾಯ್ಲರ್ ಬಿಸಿ ನಿನ್ನ ರೂಮಿಗೆ ಬರ್ತಿಲ್ಲ,” ಅಮ್ಮ ಬಾಗಿಲಲ್ಲೇ ನಿಂತು ಗೊಣಗಿದಳು. “ಹಾಡೋಳು ಚಳೀಲಿ ಗಂಟಲು ಕೆಡಿಸ್ಕೋಬಾರ್ದು ಅಂತ ನಾನೇ ಹಾಸ್ದೆ. ತಪ್ಪಾ?”

ಹಾಸು ಆರಿಸಿ, ಅಮ್ಮ ಹೊದಿಸಿದ ರಜಾಯಿಯೊಳಗೆ ನಡುಗುತ್ತಲೇ ಹಾಡಿದೆ. ಒಂದೇ ಸಲಕ್ಕೆ ಮುಗಿಯಿತು. ನೀರಿನಷ್ಟು ತಿಳಿ. ಆದರೆ ಕೊನೆಯ ತಂತಿಯ ನಾದ ಆರುವ ಮೊದಲೇ ಅಮ್ಮನ ಪಿಸುದನಿ: “ಮುಗೀತಾ? ಈಗ ಹಾಸಿನ ಸ್ವಿಚ್ ಹಾಕ್ಲಾ?”

ಗ್ಯುಚೋಲ್ ಅದನ್ನು ಕತ್ತರಿಸಲು ಹೋದ. ಕೈ ಹಿಡಿದೆ. ಶನಿವಾರ ಅಕ್ಕ ಈ ಮನೆ ಬಿಡುತ್ತಾಳೆ. ಈ ಒಂದು ಸದ್ದಾದರೂ ಅವಳ ಜೊತೆಗೆ ಹೋಗಲಿ.