ಫೋನ್ ಎತ್ತಿ ನೋಡಿದೆ

೮ ಅಕ್ಟೋಬರ್ ೨೦೦೭, ಸೋಮವಾರ

ಯಾರವ್ವಾ ನೀ, ನನ್ನ ಪುಸ್ತಕ ತಗದಾಕಿ? ಮುಚ್ಚಿಡು. ನಿನ್ನೆ ದಿಂಬಿನ ಬುಡಕ ಇಟ್ಟದ್ದು ಇವತ್ತ ಹಾಸಿಗಿ ಕಾಲಕಡೆ ಬಿದ್ದಿತ್ತು. ಅದಕ್ಕೇನು ಕಾಲು ಬಂದಾವು? ಓದಿದ್ದು ಗೊತ್ತಾತಂದ್ರ ಕೈ ಮುರೀತೇನಿ. ಮೂರನೇ ಇಯತ್ತೆ ಕಲ್ತಾಕಿ ಬರದದ್ದು ಓದಿ ನಗಬೇಕೇನು?

ಸಿಡಿಲಿಗೆ ಹಳೆ ಮೋಡೆಮ್ ಸುಟ್ಟಿತ್ತು. ಸಿಂದಗಿ ಬಸ್‌ಸ್ಟ್ಯಾಂಡ್ ಹತ್ರದ ಜೈನುದ್ದೀನ ನಿನ್ನೆ ಹೊಸಾದು ಹಾಕಿ ಹೋಗ್ಯಾನ. ಸೊಸಿ ಭಾಗ್ಯಜ್ಯೋತಿ ಒಳಗ ಕಂಪ್ಯೂಟರ್ ಮುಂದ ಕುಂತಾಳ. ಸಾಲಿ ಟೀಚರ್ ನೌಕರಿ ಅರ್ಜಿ. ನೆಟ್‌ನ್ಯಾಗ ತುಂಬಬೇಕಂತ, ಕಾಗದ ಒಲ್ಲರಂತ. ಕಡೀ ತಾರೀಖು ೩೧. ಅಕಿಗೆ ಇದು ಕಡೀ ಸಲ, ವಯಸ್ಸು ಮೀರತೈತಿ.

೧೧ ಗಂಟೆ — ತಂಗಿ ಸೀತವ್ವ ಅಗರಖೇಡದಿಂದ ಫೋನ್ ಮಾಡ್ತೇನಂದಿದ್ಲು, ಕಣ್ಣಿನ ಆಪರೇಶನ್ ಯಾವತ್ತಂತ ಹೇಳಾಕ. ಗಂಟಿ ಬಾರಿಸವಲ್ದು. ಪಡಸಾಲ್ಯಾಗಿನ ಫೋನ್ ಎತ್ತಿ ನೋಡಿದೆ. ಎಣ್ಯಾಗ ಸಾಸಿವಿ ಸಿಡಿದಂಗ ಕರಕರ. ಇಟ್ಟೆ.

ಒಳಗಿಂದ ಸೊಸಿ — "ಹೋತ್ರೀ ಅತ್ತಿ, ನೆಟ್ ಹೋತು."

ಹೊಸಾದಂತ, ಹೊಸಾದು!

೧೧ ಅಕ್ಟೋಬರ್

ಮುಂಜಾನೆ ಎತ್ತಿ ನೋಡಿದೆ. ಕರಕರ. ಅತ್ತ ನೆಟ್ ಹೋತು. ೧೧ಕ್ಕ ಎತ್ತಿ ನೋಡಿದೆ. ಅದ ಹಾಡು. ಫೋನೂ ಕೆಡಿಸ್ಯಾನ, ನೆಟ್ಟೂ ಕೆಡಿಸ್ಯಾನ. ಜೈನುದ್ದೀನನ್ನ ಕರೆಸಿದೆ.

"ಆಯೀ, ಅಂಗಡ್ಯಾಗ ಚಲೋ ನಡದಿತ್ರಿ."

"ಹಂಗಾರ ಅಂಗಡ್ಯಾಗ ಇಟ್ಕೊಂಡು ಪೂಜಿ ಮಾಡಬೇಕಿತ್ತು. ನನ್ನ ಮನಿಗ್ಯಾಕ ತಂದಿ?"

ಏನೋ ಹೇಳಾಕ ಬಾಯಿ ತಗದ. ಎಲ್ಲಿ ಬಿಡ್ತೇನಿ! ಅವ ಚಾ ಕುಡಿಯೂತನಾ ನೆಟ್ ಗಟ್ಟಿ. ಹೊಸ್ತಿಲ ದಾಟಿದ, ಎತ್ತಿ ನೋಡಿದೆ — ಕರಕರ. ನೆಟ್ ಹೋತು. ಅವನ ಮಾರಿ ನೋಡಿ ನಡೀತೈತೇನದು?

೧೬ ಅಕ್ಟೋಬರ್

ಅರ್ಜಿ ಮುಗೀಲಿಕ್ಕೆ ಬಂದಿತ್ತಂತ. ಫೋಟೊ ಒಂದ ಉಳದಿತ್ತು. ಸೀತವ್ವನ ಚಿಂತಿಗೆ ಫೋನ್ ಎತ್ತಿ ನೋಡಿದೆ, ಅಷ್ಟರಾಗ ಒಳಗ ನೆಟ್ ಸತ್ತು ಹೋತು. ಎಲ್ಲಾ ಅಳಿಸಿ ಹೋತು.

ಸೊಸಿ ನನ್ನ ಮಾರಿ ನೋಡಿದಳು. "ಬಿಡ್ರಿ ಅತ್ತಿ. ನನಗ ಸಾಕಾತು."

"ಸಾಕಾತಂದ್ರ? ನಾಳೆ ಕುಂತು ತುಂಬು!"

ಕಂಪ್ಯೂಟರಿಗೆ ಅರಿವಿ ಹೊಚ್ಚಿ ರೊಟ್ಟಿ ಬಡ್ಯಾಕ ಹೋದಳು. ಪರಾತದ ಮ್ಯಾಲೆ ಅಷ್ಟು ಜೋರಾಗಿ ಎಂದೂ ಬಡದಿಲ್ಲ.

೨೬ ಅಕ್ಟೋಬರ್, ಶುಕ್ರವಾರ

ಹತ್ತು ದಿನ ಆ ಅರಿವಿ ತಗದಿಲ್ಲ. ಇವತ್ತ ನಾನ ಹೋಗಿ ಜೈನುದ್ದೀನನ ಅಂಗಿ ಹಿಡದು ಕರಕೊಂಡು ಬಂದೆ. ಅರಿವಿ ತಗದು ಅವ ನೆಟ್ ಹಚ್ಚಿದ. ಕೇಳು ನಿನ್ನ ಕೆಲಸ ಅಂತ ಅವನೆದುರಿಗೇ ಫೋನ್ ಎತ್ತಿದೆ.

"ಹೋತು," ಅಂದ. ಮತ್ತ ಹಚ್ಚಿದ. "ಎತ್ತರಿ ಆಯಿ." ಎತ್ತಿದೆ. ಹೋತು.

ಹಳೆ ಮೋಡೆಮ್ ಇದ್ದಾಗ ನೆಟ್ ಹತ್ತಿದ ಕೂಡಲೆ ಫೋನ್ ತಾನ ಬಂದ್ ಆಕ್ಕಿತ್ತಂತ. ಹೊಸಾದು ಹಂಗ ಮಾಡಂಗಿಲ್ಲಂತ. ಕರಕರ ಅನ್ನೂದು ನೆಟ್ಟಿನ ಸಪ್ಪಳಂತ. ಎರಡಕ್ಕೂ ತಂತಿ ಒಂದ ಅಂತ, ನಾ ಎತ್ತಿದಾಗೊಮ್ಮೆ ನೆಟ್ ಕಡೀತೈತಂತ.

"ಮೊದಲ ಹೇಳಾಕ ಏನಾಗಿತ್ತೋ ಮಂಗ್ಯಾ?"

"ಬೈಯಾಕತ್ತಿದ್ರಿ, ಆಯಿ. ಯಾವಾಗ ಹೇಳ್ಲಿ?"

ಸಂಜಿ ೪

ಖರೇ ಏನಂತ ಈ ಪುಸ್ತಕ ತಗದು ನೋಡಿದೆ. ಐದು ಸಲ 'ಎತ್ತಿ ನೋಡಿದೆ' ಅಂತ ನನ್ನ ಕೈಲೇ ಬರದೇನಿ. ಐದರ ಬುಡಕೂ ಸಣ್ಣ ಗೆರಿ. ಪೆನ್ಸಿಲ್‌ದು. ನನ್ನ ಹತ್ರ ಪೆನ್ಸಿಲ್ ಇಲ್ಲ.

ಗೊತ್ತಿತ್ತು ಸೊಸಿಗೆ. ಹೇಳಿದ್ರ ಪುಸ್ತಕ ಓದಿದ್ದು ಗೊತ್ತಾಕ್ಕಿತ್ತು. ಕೈ ಮುರೀತೇನಂತ ಬರದಾಕಿ ನಾನ. ನನ್ನ ಬಾಯಿಗೆ ಬೆಂಕಿ ಬೀಳ್ಲಿ.

ಭಾಗ್ಯಾ, ಓದು. ಬಾಯಿಲೆ ಹೇಳಾಕ ನನಗ ಆಗಂಗಿಲ್ಲ. ಪುಸ್ತಕ ದಿಂಬಿನ ಬುಡಕ ಇಡಂಗಿಲ್ಲ, ಕೀಬೋರ್ಡ್ ಮ್ಯಾಲೆ ಇಡ್ತೇನಿ. ಪಡಸಾಲ್ಯಾಗಿನ ಫೋನಿನ ವಾಯರ್ ಕಿತ್ತು ಸೆರಗಿಗೆ ಕಟ್ಕೊಂಡೇನಿ. ಸೀತವ್ವನ ಸುದ್ದಿ ಬೇಕಂದ್ರ ಬಸ್ ಹತ್ತಿ ಹೋಗ್ತೇನಿ. ಇನ್ನ ಐದು ದಿನ ಐತಿ. ತುಂಬತಿಯೋ ಇಲ್ಲೋ, ಇದರ ಕೆಳಗ ಬರಿ. ಪೆನ್ಸಿಲ್‌ಲೇ ಬರಿ ಬೇಕಾರ. ಮುಂದಿನ ತಿಂಗಳ ಹುಟ್ಟೂದ್ರೊಳಗ ಜವಾಬು ಬೇಕು ನನಗ. ಬರೇ ಗೆರಿ ಅಲ್ಲ, ಮಾತು —