ತೊಟ್ಟಿ ಸುತ್ತ ಹಿಕ್ಕೆ ಎಲ್ಲೈತೆ?

ಓದಲು ಬಾರದ ನನ್ನ ಅವ್ವನಿಗೆ,

ಇದನ್ನು ಬೇರೆ ಯಾರ ಕೈಲಾದರೂ ಓದಿಸಿಕೋ. ನಾನು ಓದಿ ಹೇಳಿದ್ದನ್ನು ನೀನು ನಂಬಿ ಕೆಟ್ಟಿದ್ದು ಸಾಕು.

ಆ ಸರ್ವೇ ದಿನ ನೆನಪಿದೆಯಾ? ಮಾರಂಡಹಳ್ಳಿಯಾಚೆ, ತಮಿಳು ಸೀಮೆಯೊಳಗಿನ ನಮ್ಮ ಕನ್ನಡದ ಹಟ್ಟಿಯಲ್ಲಿ ಪ್ರಾಜೆಕ್ಟಿನವರು ಕುರಿಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ್ದರು. ಅದರಿಂದ ಜನಕ್ಕೆ ಉಪಯೋಗವಾಯಿತೇ ಎಂದು ಕೇಳಿ ಬರೆದುಕೊಳ್ಳಲು ಅವರ ಮೇಲ್ವಿಚಾರಕ ಬಂದಿದ್ದ. ನೀನು ‘ಬಿಳಿ ಬೂಟ್ಸು’ ಅಂತ ಹೆಸರಿಟ್ಟೆಯಲ್ಲ, ಅವನೇ. ಅವನು ತಮಿಳಿನಲ್ಲಿ ಕೇಳಬೇಕು, ನಾನು ಕನ್ನಡದಲ್ಲಿ ನಿನಗೆ ಹೇಳಬೇಕು, ನಿನ್ನ ಉತ್ತರವನ್ನು ತಮಿಳು ಫಾರಂನಲ್ಲಿ ತುಂಬಬೇಕು. ಅದು ನನ್ನ ಮೊದಲ ಕೆಲಸ. ತೊಟ್ಟಿಗೆ ದಿನಾ ನೀರು ಬರುತ್ತದೆಯೇ ಅಂದರೆ ನೀನು ಅವನ ಮುಖಕ್ಕೇ ಕೇಳಿದೆ: “ನೀರ್ ಬತ್ತೈತೆ ಅಂತೀಯಲ್ಲಪ್ಪ, ತೊಟ್ಟಿ ಸುತ್ತ ಹಿಕ್ಕೆ ಎಲ್ಲೈತೆ? ಕುರಿ ನೀರ್ ಕುಡಿಯೋ ತಾವ ಹಿಕ್ಕೆ ಆಕ್ದೆ ಇರ್ತೈತಾ?”

ಅವನು ನಕ್ಕ. “ಪಾಟಿಕ್ಕು ಪುರಿಯಲೆ,” ಅಂದ. ಅಜ್ಜಿಗೆ ಅರ್ಥವಾಗಲಿಲ್ಲವಂತೆ, ಹಾಗೇ ಬರೆಯಬೇಕಂತೆ. ನಾನು ಬರೆದೆ ಅವ್ವಾ. ನಿನ್ನ ಹೆಸರಿನ ಮುಂದೆ, ನನ್ನ ಕೈಯಾರೆ, ‘ಪ್ರಶ್ನೆ ಅರ್ಥವಾಗಲಿಲ್ಲ’ ಅಂತ. ನೀನು ಬಗ್ಗಿ ನೋಡಿ, “ನಾನ್ ಏಳಿದ್ದೇ ಬರ್ದ್ಯಾ ಲೇ?” ಅಂದೆ. “ಊಂ ಕಣವ್ವ,” ಅಂದುಬಿಟ್ಟೆ. ಕೆಲಸ ಬೇಕಿತ್ತು. ಬೇಕಿತ್ತು ಅಂದರೆ ಸಾಕೇ…

ಅವತ್ತು ವಾಪಸಾಗುವಾಗ ಜೀಪಿನಲ್ಲಿ ಅವನಿಗೆ ಮನೆಯಿಂದ ಫೋನು ಬಂತು. “ಬತ್ತಾ ಇದೀನಮ್ಮಾ, ಊಟ ಎತ್ತಿಡು,” ಅಂದ. ಸೇಲಂನ ಕನ್ನಡ ನೇಕಾರರ ಮನೆಯವನು, ಆಡುವುದು ನಮ್ಮದೇ ಮಾತು! ನೀನು ಹೇಳಿದ್ದು ಒಂದಕ್ಷರ ಬಿಡದೆ ಅವನಿಗೆ ತಿಳಿದಿತ್ತು. ತಿಳಿದೇ ನಿನ್ನನ್ನು ತಿಳಿಯದವಳನ್ನಾಗಿ ಮಾಡಿದ. ಅಂದಿನಿಂದ ನಾನು ಕಾಲಕ್ಕಾಗಿ ಕಾದೆ. ನೀನೋ, ಸಾಯುವವರೆಗೂ ಆ ಒಣ ತೊಟ್ಟಿ ದಾಟಿಕೊಂಡು ಗುಡ್ಡದ ಬಂಡೆಯ ದೊಣೆಯಲ್ಲಿ ನಿಂತ ಮಳೆನೀರಿಗೇ ಮಂದೆ ಹೊಡೆದುಕೊಂಡು ಹೋದೆ.

ಹೋದ ತಿಂಗಳು ಕಾಲ ಬಂತು. ಪ್ರಾಜೆಕ್ಟಿಗೆ ದುಡ್ಡು ಕೊಟ್ಟವರಿಗೇ ಅನುಮಾನ ಬಂದು, ಎಲ್ಲವನ್ನೂ ಮತ್ತೆ ನೋಡಿ ಬರಲು ಹೊರಗಿನ ಒಬ್ಬ ಮೇಡಂ ಅವರನ್ನು ಕಳಿಸಿದರು. ಅವರಿಗೂ ಕನ್ನಡದವಳು ಬೇಕಿತ್ತು, ನಾನೇ ಹೋಗಿ ನಿಂತೆ. ಬಿಳಿ ಬೂಟ್ಸು ಸುಮ್ಮನಿರುತ್ತಾನಾ? ತೊಟ್ಟಿಗೆ ಸುಣ್ಣ ಹೊಡೆಸಿ, ಬೆಳಿಗ್ಗೆಯೇ ಟ್ಯಾಂಕರ್ ತರಿಸಿ ತುಂಬಿಸಿದ್ದ. ಮೇಡಂ ಫೋಟೋ ತೆಗೆದುಕೊಂಡರು. “ಒಂದ್ಸಲ ಕುರಿನೂ ಕೇಳ್ಬಿಡೋಣ,” ಅಂದೆ ನಾನು. ಅತ್ತಿಗೆ ಮಂದೆ ಹೊಡೆದು ತಂದಳು. ಮುಂದೆ ನಿನ್ನ ಕುರಿ ಕೆಂಚಿ. ತೊಟ್ಟಿಯ ಹತ್ತಿರ ನಿಂತಳು, ಸುಣ್ಣದ ಘಾಟಿಗೆ ಸೀನಿದಳು, ಹೊರಳಿ ದೊಣೆಯ ದಾರಿ ಹಿಡಿದಳು. ಮಂದೆಗೆ ಮಂದೆಯೇ ಅವಳ ಹಿಂದೆ ಹೋಯಿತು. ಮೇಡಂ ನೆಲ ನೋಡಿದರು. ಒಂದು ಹಿಕ್ಕೆಯೂ ಇರಲಿಲ್ಲ.

ಆಗ ಫಾರಂ ತೆಗೆದೆ ಅವ್ವಾ. ಈ ಸಲ ಉತ್ತರ ಕೊಡಬೇಕಾದವನು ಅವನು. ಹಟ್ಟಿಯವರೆಲ್ಲರ ಎದುರು ನಮ್ಮ ಮಾತಿನಲ್ಲೇ ಕೇಳಿದೆ: “ತೊಟ್ಟಿ ಸುತ್ತ ಹಿಕ್ಕೆ ಎಲ್ಲೈತೆ ಸಾರ್?”

“ಎನಕ್ಕು ಕನ್ನಡಂ ತೆರಿಯಾದು,” ಅಂದ. ಕನ್ನಡ ಬರುವುದಿಲ್ಲವಂತೆ!

“ಪರ್ವಾಗಿಲ್ಲ ಸಾರ್, ಅಂಗೇ ಬರ್ಕೊತೀನಿ,” ಅಂದೆ. ಬರೆದೆ, ಅವನ ಹೆಸರಿನ ಮುಂದೆ, ಅದೇ ಮಾತು: ಪ್ರಶ್ನೆ ಅರ್ಥವಾಗಲಿಲ್ಲ. ಅವನಿಗೇ ಕೊಟ್ಟು ಜೋರಾಗಿ ಓದಿಸಿದೆ. ಮೊನ್ನೆ ಅವನನ್ನು ಕೆಲಸದಿಂದ ತೆಗೆದರಂತೆ. ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ?

ಆದರೆ ತೊಟ್ಟಿ ನೋಡಿದ ದಿನವೇ ಮೇಡಂ ನಿನ್ನ ಹಳೆಯ ಫಾರಮನ್ನೂ ಹೊರಗೆ ತೆಗೆದರು. “ಇದನ್ನು ಬರೆದವರು ಯಾರು?” ಅಂದರು. ಅವನ ಕಡೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. “ಬರೆದವಳು ನಾನೇ, ನಮ್ಮವ್ವನಿಗೆ ಎಲ್ಲಾ ಅರ್ಥವಾಗಿತ್ತು,” ಅಂದೆ. ಹೇಳಿದ್ದನ್ನು ಬಿಟ್ಟು ಬೇರೆ ಬರೆಯುವವಳನ್ನು ಮತ್ತೆ ಯಾರು ಕರೆಯುತ್ತಾರೆ? ಕೆಲಸದ ಪಟ್ಟಿಯಿಂದ ನನ್ನ ಹೆಸರನ್ನೂ ಹೊಡೆದು ಹಾಕಿದರು. ನಾಳೆಯಿಂದ ಅತ್ತಿಗೆಯ ಜೊತೆ ನಾನೂ ದೊಣೆಗೆ ಹೋಗುವವಳು. ಹೋಗಲಿ ಬಿಡು. ನನ್ನ ಹೆಸರು ಹೊಡೆಯುವ ಮೊದಲು ಮೇಡಂ ನನ್ನ ಕೈಯಲ್ಲೇ ನಿನ್ನ ಫಾರಂನ ಆ ಸಾಲು ಹೊಡೆಸಿ, ಮೇಲೆ ಸರಿಯಾದದ್ದನ್ನು ಬರೆಸಿದರು. ಈಗ ಕೇಳವ್ವಾ, ನೀನು ಹೇಳಿದ್ದೇ ಬರೆದೆನಾ ಅಂತ. ಬರೆದೆ, ಹಿಕ್ಕೆ ಸಮೇತ.

ನಿನ್ನ ಮಗಳು,
ಮಾದೇವಿ