ತಣ್ಣೀರಿನ ಪಂಪು ನಿಂತಾಗ

ಪ್ರೀತಿಯ ತಂಗಿಗೆ,

ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಪ್ರಯೋಗಾಲಯದ ನಿನ್ನ ಮೇಜಿನ ಮೇಲೆ ಈ ಪತ್ರ ಇಟ್ಟಿದ್ದೇನೆ.

ಕಾರ್ಖಾನೆಯಲ್ಲಿ ಆಮ್ಲದ ಬದಲು ಬಳಸಬಹುದಾದ ಕಿಣ್ವಕ್ಕಾಗಿ ನಾನು ಆರು ವರ್ಷ ಒದ್ದಾಡಿದೆ. ಅದು ಐವತ್ತು ಡಿಗ್ರಿ ಶಾಖಕ್ಕೇ ಸಾಯುತ್ತಿತ್ತು. ನೀನು ಬಂದು ಎಂಟೇ ತಿಂಗಳಲ್ಲಿ ಅದರ ಅಣುಸರಪಳಿಯ ಎರಡು ಕೊಂಡಿ ಬದಲಿಸಿದೆ; ಎಪ್ಪತ್ತಕ್ಕೂ ಜಗ್ಗಲಿಲ್ಲ. "ಅಕ್ಕನ್ನೇ ಮೀರಿಸಿಬಿಟ್ಟಳು ನೋಡಿ!" ಎಂದು ಮ್ಯಾನೇಜರು ಎಲ್ಲರೆದುರು ನಕ್ಕರು. ನಾನೂ ನಕ್ಕೆ.

ನಿನ್ನೆ ದೊಡ್ಡ ತೊಟ್ಟಿಯಲ್ಲಿ ನಿನ್ನ ಕಿಣ್ವದ ಮೊದಲ ಪರೀಕ್ಷೆ. ನೀನು ಊಟಕ್ಕೆ ಹೋದಾಗ ತೊಟ್ಟಿಯನ್ನು ತಂಪಾಗಿಡುವ ತಣ್ಣೀರಿನ ಪಂಪು ನಿಂತಿತು. ಬದಲಿ ಪಂಪಿನ ಗುಂಡಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ನಾನು ಕೈಕಟ್ಟಿಕೊಂಡು ಶಾಖದ ಮುಳ್ಳು ಏರುವುದನ್ನೇ ನೋಡುತ್ತಿದ್ದೆ. ಎಂಬತ್ತು ಮುಟ್ಟಿದ ಮೇಲೆ ಒತ್ತಿದೆ.

ನೀನು ಓಡಿಬಂದು ತಬ್ಬಿಕೊಂಡು, "ನೀನಿಲ್ದಿದ್ರೆ ಎಲ್ಲಾ ಹಾಳಾಗ್ತಿತ್ತು ಅಕ್ಕಾ" ಅಂದೆ. ನಾನು ನಿನ್ನ ಬೆನ್ನು ತಟ್ಟಿದೆ.

ಅರ್ಧ ಕಿಣ್ವ ಸತ್ತದ್ದು ಅದರ ದೋಷದಿಂದಲ್ಲ, ನಾನು ಕಾದ ಹತ್ತು ನಿಮಿಷದಿಂದ. ವರದಿಯಲ್ಲಿ ಹಾಗೇ ಬರೆ.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಕಣೇ. ಮುಂದಿನ ಪರೀಕ್ಷೆಯ ದಿನ ನನ್ನೊಬ್ಬಳನ್ನೇ ತೊಟ್ಟಿಯ ಹತ್ತಿರ ಬಿಟ್ಟು ಊಟಕ್ಕೆ ಹೋಗಬೇಡ.

ನಿನ್ನ ಅಕ್ಕ